ನಾನು ಕಾಣದ ಮೊದಲ ಆರತಿ

ಕೆರೆ ಏರಿಯ ಮೇಲೆ ಒಬ್ಬಾಕೆ ನಡೆದು ಬರುತ್ತಿದ್ದಾರೆ. ತಲೆಯ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ತಂಬಿಟ್ಟಿನ ಆರತಿ, ಅದರ ನೆತ್ತಿಯ ಕುಳಿಯಲ್ಲಿ ತುಪ್ಪದ ದೀಪ. ಕೈ ತಟ್ಟೆಯನ್ನು ಹಿಡಿದಿಲ್ಲ. ಎಡಗೈಯಲ್ಲಿ ಚೊಂಬು, ಬಲಗೈ ಚೊಂಬಿನಿಂದ ನೀರು ತೆಗೆದು ಹಾದಿಗೆ ಚಿಮುಕಿಸುತ್ತಿದೆ. ಹಿಂದೆ ಒಂದಷ್ಟು ಹೆಜ್ಜೆ ಬಿಟ್ಟು ಊರಿನ ಉಳಿದ ಆರತಿಗಳು ಸಾಲಾಗಿ ಬರುತ್ತಿವೆ. ಮಣ್ಣು ನೆಂದ ಜಾಗ ನೋಡಿಕೊಂಡೇ ಎಲ್ಲರೂ ಕಾಲಿಡುತ್ತಿದ್ದಾರೆ.

ಈ ಚಿತ್ರ ನನ್ನ ಕಣ್ಣ ಮುಂದೆ ಎಷ್ಟು ಸ್ಪಷ್ಟವಾಗಿದೆಯೆಂದರೆ, ಆಕೆಯ ಹಿಮ್ಮಡಿಗೆ ಅಂಟಿದ ಕೆಸರಿನ ಬಣ್ಣವನ್ನೂ ಹೇಳಬಲ್ಲೆ. ಆದರೆ ಇದನ್ನು ನಾನು ನೋಡಿಲ್ಲ. ನೋಡಿರಲು ಸಾಧ್ಯವೇ ಇಲ್ಲ. ಅದಕ್ಕೆ ನನ್ನದೇ ಕೈಬರಹದ ಪುರಾವೆ ಇದೆ. ಆ ಪುರಾವೆ ನನ್ನ ಕೈಗೆ ಸಿಕ್ಕುವ ಹೊತ್ತಿಗೆ ಅದರಿಂದ ಯಾರಿಗೂ ಉಪಯೋಗವಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದೆ. ಬೆಂಗಳೂರಿನ ಉತ್ತರಕ್ಕಿರುವ ಹಳ್ಳಿಗಳ ಊರಹಬ್ಬಗಳು ಹೇಗೆ ಬದಲಾಗುತ್ತಿವೆ ಎಂಬುದು ನನ್ನ ವಿಷಯ. ಜಾಲಹಳ್ಳಿಯ ಕಡೆ ಕಾರ್ಖಾನೆಗಳು ಬಂದು ಬಹಳ ಕಾಲವಾಗಿತ್ತು. ಯಲಹಂಕದ ದಾರಿಯ ಹೊಲಗಳಲ್ಲಿ ಈಗ ಸೈಟಿನ ಕಲ್ಲುಗಳು ಏಳುತ್ತಿದ್ದವು. ಗದ್ದೆ ಹೋದ ಮೇಲೆ ಗದ್ದೆಯವರ ಹಬ್ಬ ಏನಾಗುತ್ತದೆ ಎಂದು ಕೇಳುವುದು ನಮ್ಮ ವಿಭಾಗದಲ್ಲಿ ಆಗ ದೊಡ್ಡ ಪ್ರಶ್ನೆ. ನಾನು ಗದಗದ ಕಡೆಯವನು, ಈ ಭಾಗದ ಹಬ್ಬಗಳ ಗಂಧಗಾಳಿ ಇಲ್ಲದವನು. ಅದನ್ನು ನನ್ನ ಮಾರ್ಗದರ್ಶಕರ ಮುಂದೆ ಅಳುಕುತ್ತಲೇ ಹೇಳಿದ್ದೆ. "ಒಳ್ಳೇದೇ ಆಯ್ತಲ್ರೀ. ಗೊತ್ತಿಲ್ಲದವನ ಕಣ್ಣು ಚುರುಕಾಗಿರುತ್ತೆ," ಎಂದಿದ್ದರು.

ಅವರು ನನಗೆ ಕಲಿಸಿದ್ದು ಒಂದು ಗೆರೆ. ಟಿಪ್ಪಣಿ ಪುಸ್ತಕದ ಪ್ರತಿ ಪುಟದ ನಡುವೆ ಮೇಲಿನಿಂದ ಕೆಳಗೆ ಸ್ಕೇಲು ಇಟ್ಟು ಎಳೆದ ಗೆರೆ. ಎಡಕ್ಕೆ ಕಂಡದ್ದು, ಬಲಕ್ಕೆ ಕೇಳಿದ್ದು. "ಬಲಗಡೆ ಇರೋದನ್ನ ದೇವರೇ ಬಂದು ಹೇಳಿದ್ರೂ ಪೂರ್ತಿ ನಂಬಬೇಡಿ. ಎಡಗಡೆ ಇರೋದನ್ನ ದೇವರೇ ಬಂದು ಅಲ್ಲ ಅಂದ್ರೂ ಬಿಡಬೇಡಿ," ಎನ್ನುತ್ತಿದ್ದರು. ನನಗೆ ಆ ಮಾತು ಬಹಳ ಹಿಡಿಸಿತ್ತು. ಯಾರು ಏನೇ ಹೇಳಿದರೂ ಅನುಮಾನ ಪಡುವುದು ನನ್ನ ಹುಟ್ಟುಗುಣ. ಅದಕ್ಕೊಂದು ಶಾಸ್ತ್ರವೂ ಇದೆ ಎಂದು ತಿಳಿದಾಗ ಹಿಗ್ಗಿದೆ. ಅನುಮಾನದ ಪಟ್ಟಿಯಿಂದ ನನ್ನನ್ನೊಬ್ಬನನ್ನು ಬಿಟ್ಟಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ನಾನು ಆರಿಸಿಕೊಂಡಿದ್ದ ಊರುಗಳಲ್ಲಿ ಒಂದು ಅಲ್ಲಾಳಸಂದ್ರದಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಒಂದು ಕೆರೆ, ಏರಿಯ ತುದಿಗೆ ಊರಮ್ಮನ ಸಣ್ಣ ಗುಡಿ, ಊರಿನಿಂದ ಸ್ವಲ್ಪ ಆಚೆಗೆ ಒಂದು ಕೇರಿ. ಬಸ್ಸು ನಿಲ್ಲುವಲ್ಲಿ ಟೀ ಅಂಗಡಿ. ಅಲ್ಲಿ ಪರಿಚಯವಾದವನು ಊರಿನ ಪಟೇಲರ ತಮ್ಮನ ಮಗ. ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ನನ್ನದೇ ವಯಸ್ಸು, ನಗುಮುಖ. ನನ್ನ ಮಾತು ಕೇಳಿ, "ಓ, ಜೋಳದ್ ರೊಟ್ಟಿ ಕಡೆಯೋರಾ? ನಮ್ಮ ಶಾಪಲ್ಲೂ ಇಬ್ರು ಅವ್ರೆ ಗುರು, ಬೈದ್ರೂ ಆಶೀರ್ವಾದ ಮಾಡ್ದಂಗಿರುತ್ತೆ," ಎಂದು ಟೀ ಕೊಡಿಸಿದ. ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಊರೆಲ್ಲ ತೋರಿಸಿದವನೂ ಅವನೇ. ಒಳ್ಳೆಯ ಮನುಷ್ಯ. ಇದನ್ನು ವ್ಯಂಗ್ಯವಾಗಿ ಬರೆಯುತ್ತಿಲ್ಲ.

ಕೇರಿಯಲ್ಲಿ ನೀರಗಂಟಿಯ ಮನೆ ಇತ್ತು. ಕೆರೆಯ ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಿಡುವವನು ನೀರಗಂಟಿ. ಆ ಮನೆಯ ಯಜಮಾನ ತೀರಿಕೊಂಡು ಕೆಲವು ವರ್ಷವಾಗಿತ್ತು. ಮಗ ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಮನೆ ನಡೆಸುತ್ತಿದ್ದವರು ಯಜಮಾನನ ಹೆಂಡತಿ, ನಲವತ್ತೈದು ದಾಟಿದ, ಗಟ್ಟಿ ದನಿಯ ಹೆಂಗಸು. ನಾನು ಅಮ್ಮಾ ಎನ್ನುತ್ತಿದ್ದೆ. ಹಬ್ಬಕ್ಕೆ ಕೆಲವು ವಾರ ಮೊದಲು ಅವರ ಜಗಲಿಯ ಮೇಲೆ ಕೂತು ಟಿಪ್ಪಣಿ ಬರೆದುಕೊಂಡೆ.

"ಅದೇನಪ್ಪ ಅಷ್ಟೊಂದು ಬರ್ಕತೀಯಾ?"

"ಹಬ್ಬದ್ದು, ಅಮ್ಮಾ."

"ಅಬ್ಬ ಮಾಡದ್ ಬಿಟ್ಟು ಬರ್ಕಂಡ್ ಓಯ್ತಾರಾ ಯಾರಾದ್ರೂ?" ಎಂದು ನಕ್ಕರು. ಆಮೇಲೆ ಹೇಳಿದರು. "ಮೊದ್ಲು ನಮ್ಮನೆ ಆರ್ತಿ. ತೂಬಿನ್ ತಾವ ಚೊಂಬಲ್ಲಿ ನೀರ್ ತುಂಬ್ಕಂಡು, ಆದಿಗೆ ಆಕ್ಕಂಡ್ ಓಯ್ತೀನಿ. ಆ ನೀರ್ ಬಿದ್ದಿರೋ ತಾವ್ಲೇ ಪಟೇಲ್ರ ಮನೆಯೋರೂ ಕಾಲಿಡ್ಬೇಕು. ನಮ್ಮತ್ತೆ ಒತ್ತಿದ್ರು, ನಾನ್ ಒತ್ತಿವ್ನಿ. ಗಂಡ ಓದ್ರೂ ಬಿಟ್ಟಿಲ್ಲ, ಊರಮ್ಮಂಗೆ ಆ ಬೇದ ಇಲ್ಲ. ನಾಳಿಕ್ ನನ್ ಸೊಸೆ ಬಂದ್ರೆ ಅವ್ಳು."

ಗುಡಿಯೊಳಗೂ ನೀವೇ ಮೊದಲಾ ಎಂದು ನಾನು ಕೇಳಿದೆ. ಒಳಕ್ಕೆ ಹೋಗುವುದಿಲ್ಲ, ಹೊಸಿಲ ಕಲ್ಲಿನ ಮೇಲೆ ಆರತಿ ಇಟ್ಟು, ಅಲ್ಲಿಂದಲೇ ಊರಮ್ಮನಿಗೆ ತೋರಿಸಿ, ತಟ್ಟೆ ಎತ್ತಿಕೊಂಡು ಮನೆಗೆ ಬರುತ್ತೇನೆ ಎಂದು ಅವರು ಹೇಳಿದರು. ಹೇಳಿದರು ಎಂದುಕೊಂಡಿದ್ದೇನೆ. ಆ ಪುಟದ ಬಲಭಾಗದಲ್ಲಿ ಇರುವುದು ಇಷ್ಟೇ: "ಮೊದಲ ಆರತಿ ತಮ್ಮ ಮನೆಯದೆಂದು ಹೇಳುತ್ತಾರೆ." ಹೊಸಿಲ ಕಲ್ಲು ಅಲ್ಲಿಲ್ಲ. ಅದು ಎಲ್ಲೆಡೆ ಇರುವುದೇ, ಬರೆಯುವಂಥದ್ದೇನು ಎಂದು ಬಿಟ್ಟೆನೋ, ಅಥವಾ ಅವರು ಎಷ್ಟೋ ವರ್ಷದ ಮೇಲೆ ಹೇಳಿದ ಮಾತನ್ನು ನಾನು ಆ ಜಗಲಿಗೆ ತಂದು ಕೂರಿಸಿದ್ದೇನೋ, ತಿಳಿಯದು.

ಹಬ್ಬದ ದಿನ ನಾನು ತಡವಾಗಿ ಹೋದೆ. ಆರತಿಗಳು ನಾಲ್ಕು ಗಂಟೆಗೆ ಕೆರೆಯ ಬಳಿಯಿಂದ ಹೊರಡುತ್ತವೆ ಎಂದು ಮೊದಲೇ ಹೇಳಿದ್ದರು. ಹೆಬ್ಬಾಳದ ಬಳಿ ಬಸ್ಸು ಕೆಟ್ಟು ನಿಂತಿತು. ಇಳಿದು, ಇನ್ನೊಂದು ಬಸ್ಸಿಗೆ ಕಾದು, ನಾನು ಗುಡಿಯ ಮುಂದೆ ನಿಂತಾಗ ಐದೂವರೆ. ಪಟೇಲರ ತಮ್ಮನ ಮಗ ಕಾರ್ಖಾನೆಯ ಖಾಕಿ ಬಟ್ಟೆಯಲ್ಲೇ ಗುಡಿಯ ಕಂಬಕ್ಕೊರಗಿ ನಿಂತಿದ್ದ.

"ಏನ್ ಗುರು, ಇಷ್ಟ್ ಲೇಟಾ? ಊರಮ್ಮ ಏನ್ ನಿಮ್ಮ ಮೇಷ್ಟ್ರಾ, ಕಾಯ್ಕೊಂಡ್ ಕೂತಿರಕ್ಕೆ?"

"ಮೊದಲು ಯಾವ ಮನೆಯದು ಬಂತು?"

"ಇನ್ಯಾರ್ದು, ನಮ್ಮ ದೊಡ್ಡಪ್ಪನ ಮನೇದು. ನೋಡಿ ಅಲ್ಲಿ, ಮುಂದ್ಗಡೇನೇ ಐತಲ್ಲ."

ನೋಡಿದೆ. ಗರ್ಭಗುಡಿಯ ಮುಂದೆ ಆರತಿಗಳು ಸಾಲಾಗಿದ್ದವು. ಎಲ್ಲಕ್ಕಿಂತ ಮುಂದೆ ಇದ್ದದ್ದು ಪಟೇಲರ ಮನೆಯದೇ. ಸೇವಂತಿಗೆ ಸುತ್ತಿದ ದೊಡ್ಡ ತಟ್ಟೆ. ನೀರಗಂಟಿ ಮನೆಯ ಆರತಿ ಆ ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ. ಅಲ್ಲೇ ನಿಂತು ಪುಸ್ತಕ ತೆಗೆದು, ಗೆರೆಯ ಎಡಕ್ಕೆ ಬರೆದೆ: "ಆರತಿ ನಾಲ್ಕಕ್ಕೆ ಹೊರಟಿತು. ಮೊದಲನೆಯದು ಪಟೇಲರ ಮನೆಯದು. ನೀರಗಂಟಿ ಮನೆಯ ಆರತಿ ಇಲ್ಲ."

ಇದನ್ನು ಇಷ್ಟು ಕ್ರಮವಾಗಿ ಬರೆಯಲು ಈಗ ಆಗುತ್ತಿರುವುದು ಹಳೆಯ ಕರಡು ಕೈಗೆ ಸಿಕ್ಕಿದ್ದರಿಂದ. ಮಧ್ಯದ ವರ್ಷಗಳಲ್ಲಿ ಬಸ್ಸು ಕೆಟ್ಟದ್ದು, ಖಾಕಿ ಬಟ್ಟೆ, ಕಂಬ, ಎಲ್ಲವೂ ಅಳಿಸಿಹೋಗಿದ್ದವು. ಉಳಿದಿದ್ದ ನೆನಪು ಒಂದೇ: ನಾನು ಅಲ್ಲಿದ್ದೆ. ಎಡಗಡೆ ಬರೆದಿದ್ದೇನೆ, ಆದ್ದರಿಂದ ಕಂಡಿದ್ದೇನೆ. ಮರುವರ್ಷ ಇನ್ನೊಮ್ಮೆ ಹೋಗಿ ನೋಡಬಹುದಾಗಿತ್ತು. ಒಂದೊಂದು ಊರಿಗೆ ಒಂದೊಂದು ಹಬ್ಬ ಎಂದು ಲೆಕ್ಕ ಹಾಕಿಕೊಂಡಿದ್ದೆ. ಬದಲಾವಣೆಯ ಬಗ್ಗೆ ಪ್ರಬಂಧ ಬರೆಯುವವನು ಒಂದು ಹಬ್ಬವನ್ನು ಒಂದೇ ಸಲ ನೋಡುವುದು ನನಗಾಗಲಿ ವಿಭಾಗಕ್ಕಾಗಲಿ ವಿಚಿತ್ರವೆನಿಸಲಿಲ್ಲ.

ಆ ಪುಟ ನೋಡಿ ಮಾರ್ಗದರ್ಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಸಂತೋಷವಾದರೆ ಹಾಗೆ ಮಾಡುತ್ತಿದ್ದರು.

"ಬಲಗಡೆ ಆಯಮ್ಮ ಮೊದಲನೇದು ನಮ್ಮದು ಅಂತಾಳೆ. ಎಡಗಡೆ ಅವಳ ಆರತಿಯೇ ಇಲ್ಲ. ಏನ್ರೀ ಇದರ ಅರ್ಥ?"

"ಪದ್ಧತಿ ಹೋಗಿದೆ, ಹೇಳಿಕೆ ಉಳಿದಿದೆ, ಸರ್."

"ಅಷ್ಟೇ ಕಣ್ರೀ ನಿಮ್ಮ ಥೀಸಿಸ್ಸು. ಉಳಿದದ್ದೆಲ್ಲ ತುಂಬಿಸೋಕೆ."

ಹೀಗೆ ನನ್ನ ಪ್ರಬಂಧದ ಒಳ್ಳೆಯ ಅಧ್ಯಾಯ ಹುಟ್ಟಿತು. ಗದ್ದೆ ಹೋಯಿತು, ನೀರು ಬಿಡುವ ಕೆಲಸ ಹೋಯಿತು, ಅದರೊಂದಿಗೆ ನೀರಗಂಟಿಯ ಮನೆಗಿದ್ದ ಹಬ್ಬದ ಮರ್ಯಾದೆಯೂ ಹೋಯಿತು. ಕಳೆದುಕೊಂಡವರು ಅದು ಇನ್ನೂ ಇದೆಯೆಂದೇ ಹೇಳಿಕೊಳ್ಳುತ್ತಾರೆ, ಯಾಕೆಂದರೆ ನೆನಪೇ ಕಳೆದುಕೊಂಡವರ ಆಸ್ತಿ. ಈ ಕೊನೆಯ ವಾಕ್ಯವನ್ನು ಬರೆದ ದಿನ ನಾನು ಬಹಳ ಹೊತ್ತು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದ್ದೆ.

ಆರ್‌.ಟಿ. ನಗರದ ಒಂದು ಮಳಿಗೆಯಲ್ಲಿ ಕನ್ನಡ ಟೈಪ್ ಮಾಡಿಕೊಡುವ ಒಬ್ಬ ಸಾಹೇಬರಿದ್ದರು. ಮನೆಯಲ್ಲಿ ದಖನಿ ಉರ್ದು, ಕೈಬೆರಳಲ್ಲಿ ಕನ್ನಡ. ಕರಡನ್ನು ಅವರಿಗೆ ಕೊಟ್ಟ ಮೂರನೆಯ ದಿನವೋ ನಾಲ್ಕನೆಯ ದಿನವೋ ಹೋದಾಗ ಒಂದು ಹಾಳೆ ಬೇರೆ ಇಟ್ಟುಕೊಂಡಿದ್ದರು.

"ಸಾಬ್, ಇದು ಎರಡೂ ಒಂದೇ ಪೇಜಲ್ಲಿ ಹೆಂಗೆ ಬರ್ತದೆ? ಆರತಿ ನಾಲ್ಕಕ್ಕೆ ಹೊರಟಿತು, ನೋಡಿದೆ ಅಂತೀರಿ. ಮೇಲ್ಗಡೆ ನೋಡಿ, ಬಸ್ಸು ಕೆಟ್ಟು ನೀವು ಗುಡಿಗೆ ಬಂದಿದ್ದು ಐದೂವರೆ ಅಂತೀರಿ. ನಿಮ್ದು ಕಣ್ಣು ಮುಂಚಿನ ಬಸ್ಸಲ್ಲಿ ಹೋಗಿತ್ತಾ?"

ಅಂಗಡಿಯಲ್ಲಿದ್ದ ಇನ್ನೊಬ್ಬರು ನಕ್ಕರು. ನಾನೂ ನಕ್ಕೆ. ಅಧ್ಯಾಯದ ಆರಂಭಕ್ಕೆ ಸೊಗಸಿರಲೆಂದು ಹೆಬ್ಬಾಳದ ಬಸ್ಸು, ದಾರಿಯ ಧೂಳು, ಬಿಸಿಲು ಎಂದು ಒಂದು ಪ್ಯಾರಾ ಬರೆದಿದ್ದೆ. "ಆ ಬಸ್ಸಿನ ಕಥೆ ಬೇಡ ಬಿಡಿ, ಪ್ರಬಂಧಕ್ಕೆ ಅದು ಅನಗತ್ಯ," ಎಂದು ಪೆನ್ನು ತೆಗೆದು ಆ ಪ್ಯಾರಾವನ್ನು ಹೊಡೆದುಹಾಕಿದೆ. ಈ ಮಾತುಕತೆ ನಿಜವಾಗಿ ನಡೆಯಿತೇ ಎಂದು ಈಗ ನನ್ನನ್ನು ಯಾರಾದರೂ ಕೇಳಿದರೆ, ಹೊಡೆದುಹಾಕಿದ ಪ್ಯಾರಾ ಇದೆ ಎಂದಷ್ಟೇ ಹೇಳಬಲ್ಲೆ. ಸಾಹೇಬರ ಮಾತನ್ನು ಆಮೇಲೆ ನಾನೇ ಕಟ್ಟಿರಲೂಬಹುದು; ನನ್ನನ್ನು ಒಬ್ಬರಾದರೂ ಎಚ್ಚರಿಸಿದ್ದರು ಎಂಬ ಸಮಾಧಾನಕ್ಕೆ, ಅಥವಾ ಶಿಕ್ಷೆಗೆ.

ಪದವಿ ಬಂತು. ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಯಶವಂತಪುರದಲ್ಲಿ ಮನೆ ಮಾಡಿದೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲೊಮ್ಮೆ ಪಟೇಲರ ತಮ್ಮನ ಮಗ ಮನೆ ಹುಡುಕಿಕೊಂಡು ಬಂದ. ಸೈಕಲ್ ಹೋಗಿ ಸ್ಕೂಟರ್ ಬಂದಿತ್ತು. ಊರಿನಲ್ಲಿ ಹಬ್ಬಕ್ಕೊಂದು ಸಮಿತಿ ಆಗಿತ್ತು, ಅವನೇ ಕಾರ್ಯದರ್ಶಿ. ಹೊಸ ಬಡಾವಣೆಯವರೂ ಹಬ್ಬಕ್ಕೆ ಬರುತ್ತಾರೆ, ಒಂದು ಸ್ಮರಣ ಸಂಚಿಕೆ ತರುತ್ತಿದ್ದೇವೆ, ನಮ್ಮೂರ ಹಬ್ಬದ ಬಗ್ಗೆ ನೀವೇ ಬರೆಯಬೇಕು ಎಂದ. ಬರೆದದ್ದೇ ಇತ್ತಲ್ಲ. ಪ್ರಬಂಧದ ಆ ಅಧ್ಯಾಯದಿಂದ ಆರೇಳು ಪುಟ ಎತ್ತಿಕೊಟ್ಟೆ. ನನ್ನ ಹೆಸರಿನ ಮುಂದೆ ಡಾಕ್ಟರ್ ಎಂದು ಅಚ್ಚಾಗಿದ್ದ ಮೊದಲ ಲೇಖನ ಅದು. ಹತ್ತು ಪ್ರತಿ ಕೇಳಿ ತರಿಸಿಕೊಂಡೆ.

ಅದಾಗಿ ಒಂದೆರಡು ವರ್ಷಕ್ಕೆ, ಹಬ್ಬ ಇನ್ನೂ ಹದಿನೈದು ದಿನ ಇರುವಾಗ, ಒಂದು ಭಾನುವಾರ ಬೆಳಿಗ್ಗೆ ನೀರಗಂಟಿ ಮನೆಯ ಅಮ್ಮ ಬಂದರು. ಜೊತೆಗೆ ಹೊಸ ಸೀರೆಯ ಒಬ್ಬ ಹುಡುಗಿ. ಮಂಡಿಯಲ್ಲಿದ್ದ ಮಗನೇ ವಿಳಾಸ ಹುಡುಕಿ ಗೇಟಿನವರೆಗೆ ಬಿಟ್ಟು ಹೋಗಿದ್ದ. ಒಳಗೆ ಬನ್ನಿ ಎಂದರೆ ಬಾಗಿಲ ಬಳಿಯೇ ಕೂತರು.

"ಸೊಸೆ ಬಂದ್ಲು ಕಣಪ್ಪ. ಈ ಸಲ ಇವ್ಳ್ ತಲೆ ಮ್ಯಾಲೆ ಮಡಗಾನ ಅಂತಿದ್ದೆ. ಸಮಿತಿಯೋರು ಕರ್ದು ಏಳುದ್ರು. ಮೊದ್ಲು ಪಟೇಲ್ರ ಮನೇದಂತೆ, ಆಮ್ಯಾಕೆ ಉಳಿದೋರ್ದಂತೆ, ನಮ್ದು ಇಲ್ವೇ ಇಲ್ವಂತೆ. ಯಾಕಪ್ಪ ಅಂದ್ರೆ ಪುಸ್ತಕ ತಗದ್ರು. ಯೂನಿವರ್ಸಿಟಿಯೋರು ಬರ್ದವ್ರೆ ಅಂದ್ರು. ಯಾರಪ್ಪ ಅವ್ರು ಅಂದ್ರೆ ನೀನಂತೆ."

ನಾನು ಟಿಪ್ಪಣಿ ಪುಸ್ತಕ ತಂದೆ. ಅಂಥ ಹೊತ್ತಿನಲ್ಲಿ ಮನುಷ್ಯರ ಮುಖ ನೋಡುವುದಕ್ಕಿಂತ ಪುಸ್ತಕ ತರುವುದು ನನಗೆ ಸುಲಭ. ಪುಟ ತೆಗೆದೆ. ಎಡಗಡೆ ಇತ್ತು.

"ಅಮ್ಮಾ, ನಾನು ಅವತ್ತು ನೋಡಿದ್ದನ್ನೇ ಬರೆದಿದ್ದೇನೆ. ನಿಮ್ಮ ಆರತಿ ಸಾಲಿನಲ್ಲಿ ಇರಲಿಲ್ಲ."

"ಸಾಲ್ನಾಗ್ ಎಂಗಿರ್ತದಪ್ಪ? ನಂದು ಒಳೀಕ್ ಓಗಲ್ಲ. ಒಸ್ಲು ಕಲ್ಲಿನ್ ಮ್ಯಾಲೆ ಮಡಗಿ ಎತ್ಕಂಡ್ ಬತ್ತೀನಿ. ಅವತ್ತ್ ಸಂಜೀಕ್ ನೀನ್ ನಮ್ಮನೆ ತಾವ ಬಂದಾಗ ನಾನ್ ತಟ್ಟೆ ತೊಳೀತಿದ್ದೆ. ಆರ್ತಿ ತಂಬಿಟ್ಟು ಮುರ್ದು ಕೈಗ್ ಕೊಟ್ಟೆ. ತಿಂದ್ಕಂಡು ಏಲಕ್ಕಿ ಜಾಸ್ತಿ ಆಯ್ತು ಅಂದೆ. ನಮ್ಮೂರಾಗ್ ಇಷ್ಟು ಆಕಲ್ಲ ಅಂದೆ."

ಏಲಕ್ಕಿ ನನಗೆ ನೆನಪಿತ್ತು. ನಾಲಿಗೆಯ ಮೇಲೆ ಒಂದು ಕ್ಷಣ ಬಂದೂ ಹೋಯಿತು. ಆದರೆ ಆ ವರ್ಷ ನಾನು ಎಷ್ಟೋ ಊರುಗಳಲ್ಲಿ ತಂಬಿಟ್ಟು ತಿಂದಿದ್ದೆ. ಇದು ಇವರ ಮನೆಯದೇ ಎಂದು ಹೇಗೆ ಹೇಳುವುದು? ಪುಸ್ತಕದಲ್ಲಿ ಏಲಕ್ಕಿಯ ಮಾತಿರಲಿಲ್ಲ. ಅವರು ಕೇಳಿದ್ದು ಒಂದೇ ಒಂದು ಹಾಳೆ. ಮೊದಲ ಆರತಿ ನಮ್ಮ ಮನೆಯದಾಗಿತ್ತು ಎಂದು ನಾನು ಬರೆದುಕೊಟ್ಟರೆ ಸಮಿತಿ ಒಪ್ಪುತ್ತದೆ. ನೀವು ಬರೆದದ್ದನ್ನು ನೀವೇ ತಿದ್ದಿದರೆ ಯಾರು ಅಲ್ಲ ಎನ್ನುತ್ತಾರೆ. ಹುಡುಗಿ ತನ್ನ ಸೆರಗಿನಿಂದ ಏನನ್ನೋ ತೆಗೆದು ಅತ್ತೆಯ ಕೈಗೆ ಕೊಟ್ಟಳು. ತಟ್ಟೆಯ ಕೆಳಗೆ ತಲೆಯ ಮೇಲಿಡುವ ಸಿಂಬೆ. ಕೆಂಪು ಅಂಚಿನ ಹಳೆಯ ಸೀರೆಯ ತುಂಡನ್ನು ಬಿಗಿಯಾಗಿ ಸುತ್ತಿ ಹೊಲಿದದ್ದು.

"ನಮ್ಮತ್ತೆ ಸೀರೇದು," ಎಂದರು ಅಮ್ಮ. "ಇವ್ಳಿಗ್ ಅಂತ ಒಲ್ದಿವ್ನಿ."

ನೋಡುತ್ತೇನೆ ಎಂದೆ. ಮುಂದಿನ ಭಾನುವಾರ ಸಮಿತಿಯ ಸಭೆ ಇದೆ, ಅಲ್ಲಿಗೇ ಬರುತ್ತೇನೆ ಎಂದೆ. ಆ ವಾರವೇ ನನ್ನ ಪ್ರಬಂಧವನ್ನು ಪುಸ್ತಕವಾಗಿ ತರುವ ಮಾತು ವಿಭಾಗದಲ್ಲಿ ನಡೆಯುತ್ತಿತ್ತು ಎಂಬುದನ್ನು ಇಲ್ಲಿ ಬರೆಯಲೇಬೇಕು. ಆ ಪುಟ ಸುಳ್ಳಾದರೆ ಅಧ್ಯಾಯ ಬೀಳುತ್ತದೆ, ಅಧ್ಯಾಯ ಬಿದ್ದರೆ ಪ್ರಬಂಧದಲ್ಲಿ ಉಳಿಯುವುದು ಊರುಗಳ ಪಟ್ಟಿ ಮಾತ್ರ. ಆಗ ನಾನು ಹೀಗೆ ಯೋಚಿಸಲಿಲ್ಲ. ಪುರಾವೆಯ ಮುಂದೆ ಕರುಣೆ ತರಬಾರದು, ಅದೇ ವಿದ್ವತ್ತಿನ ಪ್ರಾಮಾಣಿಕತೆ ಎಂದು ಯೋಚಿಸಿದೆ. ಎಷ್ಟು ಅನುಕೂಲವಾದ ಪ್ರಾಮಾಣಿಕತೆ.

ಸಭೆ ಗುಡಿಯ ಮುಂದಿನ ಅರಳಿಕಟ್ಟೆಯಲ್ಲಿ ಸೇರಿತು. ನನಗೆ ಕುರ್ಚಿ ಹಾಕಿದ್ದರು. ಅಮ್ಮ ಮತ್ತು ಸೊಸೆ ಕಟ್ಟೆಯ ಆಚೆಗೆ ನಿಂತಿದ್ದರು.

"ಸಾರ್, ನೀವೇ ಹೇಳ್ಬಿಡಿ," ಎಂದ ಕಾರ್ಯದರ್ಶಿ. ಎದುರಿಗೆ ಹತ್ತು ಜನ ಇದ್ದುದರಿಂದ ಗುರು ಹೋಗಿ ಸಾರ್ ಆಗಿತ್ತು. "ನಮಗೇನ್ ಹಟ ಇಲ್ಲ. ಕಣ್ಣಾರೆ ನೋಡಿದ್ದೇನು ಅಂತ ಹೇಳಿ, ಅದರಂಗೇ ಮಾಡಣ."

ನಾನು ಪುಸ್ತಕ ಬಿಡಿಸಿ ಎಡಗಡೆಯ ಮೂರು ಸಾಲು ಓದಿದೆ. ಬಲಗಡೆಯದನ್ನು ಓದಲಿಲ್ಲ. ಯಾರೋ ಆ ಮನೆಯ ಕಡೆಯವರು ಎದ್ದು, ಆಯಮ್ಮನಿಗೆ ಚೆನ್ನಾಗಿ ನೆನಪಿದೆಯಲ್ಲ ಸ್ವಾಮಿ ಎಂದರು. "ನೆನಪು ಯಾರದ್ದೇ ಆಗಲಿ, ನನ್ನದೇ ಆಗಲಿ, ಪೂರ್ತಿ ನಂಬುವಂಥದ್ದಲ್ಲ. ಆವತ್ತೇ ಬರೆದದ್ದು ಇದು," ಎಂದೆ.

"ಕೇಳುದ್ಯೇನಮ್ಮ," ಎಂದು ಕಟ್ಟೆಯ ಮೇಲಿಂದ ಒಬ್ಬ ಕೂಗಿದ, "ನಿನ್ನ ನೆಪ್ಪು ರಿಜೆಕ್ಟ್ ಆಯ್ತಂತೆ." ಕೆಲವರು ನಕ್ಕರು.

ಅಮ್ಮ ನಗುವವರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿ, "ನೆಪ್ಪಲ್ಲ ಕಣಪ್ಪ. ನಾನ್ ತಲೆ ಮ್ಯಾಲ್ ಒತ್ತಿದ್ದು ಅದು. ಒತ್ತಿದ್ ತಲೆಗೆ ಗೊತ್ತಿರಲ್ವಾ?" ಎಂದರು. ದನಿ ಏರಲಿಲ್ಲ. ಅದಕ್ಕೆ ನಾನು ಏನೋ ಉತ್ತರ ಕೊಟ್ಟೆ. ಏನು ಕೊಟ್ಟೆ ಎಂದು ನೆನಪಿಲ್ಲ. ಇದೊಂದನ್ನು ಮರೆತಿರುವುದು ನನ್ನ ಮೆದುಳು ನನಗೆ ಮಾಡಿದ ಉಪಕಾರವಿರಬೇಕು.

ಆ ವರ್ಷದ ಹಬ್ಬಕ್ಕೆ ನಾನು ಬೇಗನೆ ಹೋದೆ. ಮೂರು ಗಂಟೆಗೇ ಏರಿಯ ಮೇಲೆ ನಿಂತಿದ್ದೆ. ಧೂಳು ಏಳದಂತೆ ಸಮಿತಿಯವರು ಟ್ಯಾಂಕರ್ ತರಿಸಿ ದಾರಿಗೆ ನೀರು ಹೊಡೆಸಿದ್ದರು. ಮೈಕಿನಲ್ಲಿ ಕಾರ್ಯದರ್ಶಿಯ ದನಿ, ಸಾಲಾಗಿ ಬನ್ನಿ, ತಳ್ಳಾಡಬೇಡಿ. ಪಟೇಲರ ಮನೆಯ ಸೊಸೆ ಮೊದಲ ಆರತಿ ಹೊತ್ತು ನೆಂದ ದಾರಿಯಲ್ಲಿ ಬಂದಳು. ಕೇರಿಯಿಂದ ಯಾರೂ ಬರಲಿಲ್ಲ. ನನ್ನ ಜೇಬಿನಲ್ಲಿ ಪುಸ್ತಕವಿತ್ತು, ತೆಗೆಯಲಿಲ್ಲ. ಬಹುಶಃ ಆ ಸಂಜೆ ಮನೆಗೆ ಬಂದ ಮೇಲೆಯೇ ಆ ಇನ್ನೊಂದು ಚಿತ್ರ ನನ್ನೊಳಗೆ ಬೆಳೆಯಲು ಶುರುವಾದದ್ದು: ಚೊಂಬು, ಚಿಮುಕಿಸುವ ಕೈ, ಹಿಮ್ಮಡಿಯ ಕೆಸರು.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಮನೆ ಬದಲಿಸಬೇಕಾಯಿತು. ಟ್ರಂಕಿನ ಹಳೆಯ ಕಾಗದಗಳನ್ನು ರದ್ದಿಗೆ ಹಾಕಲು ಆರಿಸುತ್ತಿದ್ದೆ. ಟೈಪಿಗೆ ಕೊಟ್ಟಿದ್ದ ಕರಡು ಸಿಕ್ಕಿತು, ಸುತ್ತಲೂ ದಾರ ಕಟ್ಟಿ ಸಾಹೇಬರು ಹಿಂದಿರುಗಿಸಿದ್ದ ಹಾಗೆಯೇ. ಆ ಅಧ್ಯಾಯದ ಮೊದಲ ಹಾಳೆಯಲ್ಲಿ ನೀಲಿ ಶಾಯಿಯ ಪ್ಯಾರಾ, ಅದರ ಮೇಲೆ ಕಪ್ಪು ಶಾಯಿಯ ಎರಡು ಗೆರೆ. ಗೆರೆಯ ಕೆಳಗೆ ಎಲ್ಲವೂ ಓದಲು ಬರುತ್ತಿತ್ತು. ಹೆಬ್ಬಾಳದಲ್ಲಿ ಬಸ್ಸು ಕೆಟ್ಟು ನಿಂತದ್ದು. ಗುಡಿ ಮುಟ್ಟುವಾಗ ಐದೂವರೆಯಾದದ್ದು. ಸ್ನೇಹಿತನೊಬ್ಬ ಖಾಕಿ ಬಟ್ಟೆಯಲ್ಲಿ ಕಂಬಕ್ಕೊರಗಿ ನನ್ನನ್ನು ಕಾಯುತ್ತಿದ್ದದ್ದು. ಕೆಳಗಿನ ಪ್ಯಾರಾದಲ್ಲಿ, ಗೆರೆಯಿಲ್ಲದೆ: ಆರತಿ ನಾಲ್ಕಕ್ಕೆ ಹೊರಟಿತು.

ಕಾಡಿದ್ದು ಸುಳ್ಳು ಹೇಳಿದೆನೆಂಬುದಲ್ಲ. ಸುಳ್ಳು ಹೇಳಿದವನಿಗೆ ಸತ್ಯ ಗೊತ್ತಿರುತ್ತದೆ. ನನಗೆ ಅದೂ ಗೊತ್ತಿರಲಿಲ್ಲ. ಕೇಳಿದ್ದನ್ನು ಗೆರೆಯ ಎಡಕ್ಕೆ ಬರೆದೆ, ಆಮೇಲೆ ನಾನು ಬರೆದದ್ದನ್ನು ನಾನೇ ನಂಬಿದೆ, ನಂಬಿದ್ದನ್ನು ಒಂದು ಹಳ್ಳಿಯ ಮುಂದೆ ಓದಿದೆ.

ಮೊದಲು ಕಾರ್ಯದರ್ಶಿಯ ಮನೆಗೆ ಹೋದೆ. ಗದ್ದೆಯಿದ್ದ ಜಾಗದಲ್ಲಿ ಹೊಸ ತಾರಸಿ ಮನೆ. ಹಾಳೆ ತೋರಿಸಿದೆ. ನಿಧಾನವಾಗಿ ಓದಿದ. ನಕ್ಕ.

"ಅಯ್ಯೋ ಗುರು, ನಾನೂ ನೋಡಿರ್ಲಿಲ್ಲ. ಅವತ್ತು ಜನರಲ್ ಶಿಫ್ಟು. ಬಟ್ಟೆ ಬದಲಾಯಿಸದೆ ಸೀದಾ ಬಂದಿದ್ದೆ, ನಿಮಗಿಂತ ಹತ್ತು ನಿಮಿಷ ಮುಂಚೆ ಇರ್ಬೇಕು."

"ಮತ್ತೆ ನನಗೆ ಹಾಗೆ ಹೇಳಿದ್ರಲ್ಲ?"

"ಒಳಗಡೆ ಮುಂದೆ ಇದ್ದಿದ್ದು ನಮ್ಮನೇದೇ ತಾನೆ? ನೀವು ಕೇಳಿದ್ರಿ, ನೋಡಿ ಹೇಳ್ದೆ. ನೀವು ಬರ್ಕೊಂಡ್ರಿ." ಹಾಳೆಯನ್ನು ನನ್ನ ಕೈಗೆ ಹಿಂದಿರುಗಿಸುತ್ತಾ, "ನಾನು ನಿಮ್ಮ ಪುಸ್ತಕ ನೋಡಿ, ಓ, ನಾನು ಹೇಳಿದ್ದು ಸರಿ ಇತ್ತು ಅನ್ಕೊಂಡೆ," ಎಂದ.

ಈಗ ತಿದ್ದಬಹುದಲ್ಲ ಎಂದೆ. ಅವನು ತಲೆಯಾಡಿಸಿದ. "ಈಗ ಹೆಂಗಾಗುತ್ತ್ ಸಾರ್? ಇಷ್ಟ್ ವರ್ಷದಿಂದ ಹಿಂಗೇ ನಡ್ಕೊಂಡ್ ಬಂದೈತೆ. ಹೋದ್ ವರ್ಷ ನಿಮ್ಮ ಯೂನಿವರ್ಸಿಟಿಯಿಂದಲೇ ಒಬ್ರು ಮೇಡಂ ಬಂದಿದ್ರು, ರಿಸರ್ಚಂತೆ. ಟೇಪು, ಕ್ಯಾಮೆರಾ ಎಲ್ಲಾ ತಂದಿದ್ರು. ಎರಡು ಗಂಟೆಗೇ ಬಂದು ಏರಿ ಮೇಲೆ ನಿಂತಿದ್ರು. ಮೊದಲ ಆರತಿ ಫೋಟೋನೂ ಹಿಡ್ಕೊಂಡ್ ಹೋದ್ರು."

ಆ ಸಂಶೋಧಕಿಯ ಪುಸ್ತಕದಲ್ಲಿ ಗೆರೆಯ ಎಡಗಡೆ ಏನಿರುತ್ತದೆ ಎಂದು ನನಗೆ ಗೊತ್ತು. ಅದರಲ್ಲಿ ಒಂದಕ್ಷರ ತಪ್ಪಿರುವುದಿಲ್ಲ. ಅವರು ನಿಜವಾಗಿಯೂ ನೋಡಿದ್ದಾರೆ.

ಕೇರಿಗೆ ಹೋದಾಗ ಅಮ್ಮ ಜಗಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದರು. ಕಣ್ಣು ಸ್ವಲ್ಪ ಮಂಜಾಗಿತ್ತು. ದನಿಯಿಂದ ನನ್ನ ಗುರುತು ಹಿಡಿದರು. ಕೂತ್ಕಳಪ್ಪ ಎಂದರು. ನಾನು ಹಾಳೆ ತೆಗೆದು, ಹೊಡೆದುಹಾಕಿದ ಪ್ಯಾರಾವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಬಸ್ಸು, ಧೂಳು, ಐದೂವರೆ. ಓದಿ ಮುಗಿಸಿದ ಮೇಲೂ ಮೊರ ನಿಲ್ಲಲಿಲ್ಲ.

"ಅಮ್ಮಾ, ನೀವು ಹೇಳಿದ್ದು ಸರಿ. ನಾನು ನೋಡಿರಲಿಲ್ಲ."

"ಅದುನ್ನ ಅವತ್ತೇ ಏಳಿದ್ನಲ್ಲಪ್ಪ ನಾನು," ಎಂದರು. ಕಲ್ಲೊಂದನ್ನು ಆರಿಸಿ ಆಚೆ ಎಸೆದರು. ಬೈದಿದ್ದರೆ ಬರೆದುಕೊಳ್ಳಲು ಏನಾದರೂ ಇರುತ್ತಿತ್ತು.

ಆ ಹೊತ್ತಿಗೆ ಸೊಸೆ ಬೀದಿಯ ನಲ್ಲಿಯಿಂದ ತುಂಬಿದ ಬಿಂದಿಗೆ ತಲೆಯ ಮೇಲೆ ಹೊತ್ತು ಬಂದಳು. ಸೊಂಟದಲ್ಲಿ ಮಗು. ನನ್ನನ್ನು ಕಂಡು ನಿಂತಳು. ಅತ್ತೆ ವಿಷಯ ಹೇಳಿದರು.

"ಅವ್ರಿಗ್ ತೋರ್ಸುದ್ರಾ?" ಎಂದು ಕೇಳಿದಳು.

"ತೋರಿಸಿದೆ."

"ಏನಂದ್ರು?"

ನಾನು ಹಾಳೆ ಮಡಚಿ ಜೇಬಿಗಿಟ್ಟೆ. ಅವಳಿಗೆ ಉತ್ತರ ಸಿಕ್ಕಿತು. ಬಿಂದಿಗೆ ಇಳಿಸಿ, ತಲೆಯ ಮೇಲಿನ ಸಿಂಬೆ ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿ ಒಳಗೆ ಹೋದಳು. ಕೆಂಪು ಅಂಚು ನೀರು ಕುಡಿದು ಕುಡಿದು ಕಂದಾಗಿತ್ತು. ಒಂದು ಕಡೆ ಹೊಲಿಗೆ ಬಿಟ್ಟಿತ್ತು. ಅದರಿಂದ ಜಗಲಿಯ ಮಣ್ಣಿಗೆ ಹನಿ ಬೀಳುತ್ತಿತ್ತು. ಇದನ್ನು ಮಾತ್ರ ನಾನು ನೋಡಿದೆ.